ಗರ್ವಭಂಗದ ನಗೆ: ‘ನಂಜುಂಡಿ ಕಲ್ಯಾಣ’ವನ್ನು ಮತ್ತೆ ನೋಡಿದಾಗ

1989ರಲ್ಲಿ ತೆರೆಕಂಡ ‘ನಂಜುಂಡಿ ಕಲ್ಯಾಣ’ವನ್ನು ಒಮ್ಮೆಯಾದರೂ ನೋಡದ ಕನ್ನಡ ಕುಟುಂಬಗಳು ವಿರಳ. ಎಂ. ಎಸ್. ರಾಜಶೇಖರ್ ಅವರ ನಿರ್ದೇಶನ, ಚಿ. ಉದಯಶಂಕರ್ ಅವರ ಸಂಭಾಷಣೆ, ಉಪೇಂದ್ರ ಕುಮಾರ್ ಅವರ ಸಂಗೀತ ಒಂದುಗೂಡಿದ ಈ ಹಾಸ್ಯಚಿತ್ರವು ರಾಘವೇಂದ್ರ ರಾಜ್‌ಕುಮಾರ್ ಅವರಿಗೆ ದೊಡ್ಡ ಯಶಸ್ಸನ್ನು ತಂದುಕೊಟ್ಟಿತು. ಮಾಲಾಶ್ರೀ ಎಂಬ ಹೊಸ ನಾಯಕಿಯನ್ನು ಕನ್ನಡಕ್ಕೆ ಪರಿಚಯಿಸಿತು. ಚಿತ್ರಮಂದಿರದಿಂದ ವಿಡಿಯೋ ಕ್ಯಾಸೆಟ್ಟಿಗೆ, ಅಲ್ಲಿಂದ ದೂರದರ್ಶನಕ್ಕೆ, ಈಗ ಅಂಗೈಯಲ್ಲಿರುವ ಮೊಬೈಲಿಗೆ ಬಂದಿರುವ ಈ ಚಿತ್ರವನ್ನು ಕಲಘಟಗಿಯ ಸುತ್ತಲಿನ ಹಳ್ಳಿಗಳಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಒಟ್ಟಿಗೆ ಕುಳಿತು ನೋಡಿ ನಗುವುದನ್ನು ನಾನು ಬಲ್ಲೆ.

ಇಂತಹ ಚಿತ್ರಕ್ಕೆ ದೈವಶಾಸ್ತ್ರದ ಪತ್ರಿಕೆಯೊಂದರಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ನಮ್ಮ ಸಭೆಗಳ ಯುವಕ ಯುವತಿಯರು ವಿವಾಹವೆಂದರೆ ಏನೆಂಬುದನ್ನು ನಮ್ಮ ವಿವಾಹಪೂರ್ವ ತರಗತಿಗಳಲ್ಲಿ ಮೊದಲ ಬಾರಿಗೆ ಕಲಿಯುವುದಿಲ್ಲ. ನಾವು ಎಫೆಸದ ಪತ್ರಿಕೆಯ ಐದನೆಯ ಅಧ್ಯಾಯವನ್ನು ತೆರೆಯುವಷ್ಟರಲ್ಲಿ ಅವರು ಇಪ್ಪತ್ತು ಇಪ್ಪತ್ತೈದು ವರ್ಷ ನಕ್ಕು ಕಲಿತಿರುತ್ತಾರೆ. ನಕ್ಕು ಕಲಿತ ಪಾಠವನ್ನು ಯಾರೂ ಪಾಠವೆಂದು ಗುರುತಿಸುವುದಿಲ್ಲವಾದ ಕಾರಣ ಅದನ್ನು ಪರೀಕ್ಷಿಸುವುದೂ ಕಷ್ಟ.

ಈ ಕಥೆಗೆ ನಾಲ್ಕು ಶತಮಾನಗಳ ವಂಶಾವಳಿಯಿದೆ. ಶೇಕ್ಸ್‌ಪಿಯರನು 1590ರ ದಶಕದ ಆರಂಭದಲ್ಲಿ ಬರೆದನೆಂದು ಪಂಡಿತರು ಹೇಳುವ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ಪರ್ವತವಾಣಿಯವರು ‘ಬಹದ್ದೂರ್ ಗಂಡ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ರೂಪಾಂತರಿಸಿದರು. ಆ ನಾಟಕವೇ ‘ನಂಜುಂಡಿ ಕಲ್ಯಾಣ’ದ ಮೂಲ. 1976ರ ‘ಬಹದ್ದೂರ್ ಗಂಡು’ ಚಿತ್ರದಲ್ಲಿ ರಾಜ್‌ಕುಮಾರ್ ಮತ್ತು ಜಯಂತಿ ಇದೇ ಜಾಡಿನ ಕಥೆಯನ್ನು ಹಳ್ಳಿಗ ಮತ್ತು ರಾಜಕುಮಾರಿಯ ವೇಷದಲ್ಲಿ ಆಡಿ ತೋರಿಸಿದ್ದರು. ಧಾರವಾಡ ಸೀಮೆಗಂತೂ ಶೇಕ್ಸ್‌ಪಿಯರನ ಪ್ರಹಸನಗಳು ಹೊಸವಲ್ಲ. ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ಡೆಪ್ಯುಟಿ ಚನ್ನಬಸಪ್ಪನವರು ‘ನಗದವರನ್ನು ನಗಿಸುವ ಕಥೆ’ಯಾಗಿಸಿದ್ದು 19ನೆಯ ಶತಮಾನದಲ್ಲಿಯೇ.

ಕಥೆಯ ಎಲುಬು ಸರಳವಾದುದು. ಸಿರಿವಂತರ ಮನೆಯಲ್ಲಿ ಬೆಳೆದ, ಯಾರ ಮಾತಿಗೂ ಸೊಪ್ಪು ಹಾಕದ ಹೆಣ್ಣು, ಅವಳ ಸೊಕ್ಕನ್ನು ಮುರಿಯಬಲ್ಲ ಗಂಡು, ಮದುವೆ, ಮದುವೆಯ ಅನಂತರ ನಡೆಯುವ ಪಳಗಿಸುವಿಕೆ, ಕೊನೆಗೆ ಬಾಗಿದ ಹೆಂಡತಿ, ಸುಖೀ ಸಂಸಾರ. ಇದಕ್ಕೆ ಕನ್ನಡದಲ್ಲಿ ಗರ್ವಭಂಗವೆಂಬ ಒಳ್ಳೆಯ ಹೆಸರಿದೆ. ಅದೇ 1989ರಲ್ಲಿ ಅದೇ ನಿರ್ದೇಶಕರು, ಅದೇ ನಾಯಕ ನಾಯಕಿಯರು ಸೇರಿ ‘ಗಜಪತಿ ಗರ್ವಭಂಗ’ ಎಂಬ ಇನ್ನೊಂದು ಚಿತ್ರವನ್ನೂ ಕೊಟ್ಟರು. ಪ್ರೇಕ್ಷಕರು ಅದನ್ನೂ ಆದರದಿಂದ ಬರಮಾಡಿಕೊಂಡರು. ಸೊಕ್ಕಿದವರು ಇಳಿಯುವುದನ್ನು ನೋಡುವುದರಲ್ಲಿ ನಮ್ಮ ಜನಕ್ಕೆ ಇರುವ ಸಂತೋಷವು ದೊಡ್ಡದು, ಹಳೆಯದು.

ಮೊದಲು ಚಿತ್ರಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಇದು ಬೇಸರ ಹುಟ್ಟಿಸದ ಚಿತ್ರ. ಉದಯಶಂಕರರ ಮಾತುಗಾರಿಕೆಯಲ್ಲಿ ಕಂಪನಿ ನಾಟಕಗಳ ಚುರುಕಿದೆ. ಅದಕ್ಕಿಂತ ಮಿಗಿಲಾಗಿ ಮಾಲಾಶ್ರೀ ಇದ್ದಾರೆ. ಮಂಜುಳಾ ಗುರುರಾಜ್ ಅವರ ಕಂಠದಲ್ಲಿ ಬರುವ, ಅಮಲೇರಿದ ನಾಯಕಿಯ ಹಾಡು ಇಂದಿಗೂ ಮದುವೆಯ ಮನೆಗಳ ಧ್ವನಿವರ್ಧಕಗಳಲ್ಲಿ ಕೇಳಿಬರುತ್ತದೆ. ಅಲ್ಲಿಯವರೆಗಿನ ಕನ್ನಡ ಚಿತ್ರಗಳಲ್ಲಿ ಹಾಗೆ ಕುಣಿಯುವ ಹಕ್ಕು ಬಹುಮಟ್ಟಿಗೆ ಖಳನಾಯಕನ ಅಡ್ಡೆಯ ನರ್ತಕಿಗೆ ಮೀಸಲಾಗಿತ್ತು. ಇಲ್ಲಿ ಅದು ಮನೆಮಗಳಿಗೆ ದಕ್ಕಿತು. ಪ್ರೇಕ್ಷಕರು ಆಕೆಯನ್ನು ತಿರಸ್ಕರಿಸಲಿಲ್ಲ. ಎರಡೇ ವರ್ಷಗಳಲ್ಲಿ, 1991ರಲ್ಲಿ, ಆಕೆಯೇ ‘ಎಸ್. ಪಿ. ಭಾರ್ಗವಿ’ಯಾಗಿ ಪೊಲೀಸ್ ಸಮವಸ್ತ್ರದಲ್ಲಿ ನಿಂತಾಗ ಅದನ್ನೂ ಮೆಚ್ಚಿದರು. ಹಾಗಾದರೆ ಜನರು ನೋಡಲು ಬಂದದ್ದು ಪಳಗಿದ ಹೆಣ್ಣನ್ನೋ, ಪಳಗದ ಹೆಣ್ಣನ್ನೋ? ಕಥೆಯು ಒಂದನ್ನು ಹೇಳುತ್ತಿರುವಾಗ ನಟಿಯು ಇನ್ನೊಂದನ್ನು ಹೇಳುತ್ತಿದ್ದಾಳೆಂದು ನನಗೆ ತೋರುತ್ತದೆ. ಸ್ತ್ರೀಯರ ಕೂಟವೊಂದರಲ್ಲಿ ಈ ಚಿತ್ರದ ಮಾತು ಬಂದಾಗ ಹಿರಿಯ ತಾಯಿಯೊಬ್ಬರು, ‘ಅಯ್ಯನವರ, ಆಕಿ ಸೊಕ್ಕಿನ್ಯಾಗ ಇದ್ದಾಗ ಚೊಲೋ ಇದ್ಲರೀ. ಆಮ್ಯಾಲ ನೋಡಾಕ ಬ್ಯಾಸರ ಬಂತು’ ಎಂದರು. ಇದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಪಳಗಿಸುವ ವಿಧಾನವನ್ನು ಅರಿಯಲು ಮೂಲ ನಾಟಕಕ್ಕೇ ಹೋಗುವುದು ಒಳ್ಳೆಯದು. ಏಕೆಂದರೆ ಅಲ್ಲಿ ಅದು ಮುಚ್ಚುಮರೆಯಿಲ್ಲದೆ ಇದೆ. ಪೆಟ್ರೂಷಿಯೋ ತನ್ನ ಹೆಂಡತಿ ಕ್ಯಾಥರೀನಳನ್ನು ಹೊಡೆಯುವುದಿಲ್ಲ. ಮಾಂಸ ಸೀದಿದೆಯೆಂದು ತಟ್ಟೆಯನ್ನೇ ಎಸೆದು ಆಕೆಯನ್ನು ಉಪವಾಸ ಕೆಡವುತ್ತಾನೆ. ಹಾಸಿಗೆ ಸರಿಯಿಲ್ಲವೆಂದು ಗದ್ದಲವೆಬ್ಬಿಸಿ ನಿದ್ರೆಗೆಡಿಸುತ್ತಾನೆ. ದರ್ಜಿ ತಂದ ಉಡುಪನ್ನು ತೋರಿಸಿ ಕಿತ್ತುಕೊಳ್ಳುತ್ತಾನೆ. ಇದೆಲ್ಲವೂ ಆಕೆಯ ಮೇಲಿನ ಪ್ರೀತಿಗಾಗಿಯೇ ಎಂದು ಹೇಳಿಕೊಳ್ಳುತ್ತಾನೆ. ಬೇಟೆಯ ಡೇಗೆಯನ್ನು ಹಸಿವು ಮತ್ತು ನಿದ್ರಾಭಂಗಗಳಿಂದ ಪಳಗಿಸುವ ಕ್ರಮವನ್ನೇ ತಾನು ಅನುಸರಿಸುತ್ತಿರುವೆನೆಂದು ಪ್ರೇಕ್ಷಕರಿಗೆ ನೇರವಾಗಿ ತಿಳಿಸಲೂ ಅವನು ಹಿಂಜರಿಯುವುದಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಮ್ಮ ಹಿರಿಯರು ಎಷ್ಟೋ ಮನೆಗಳ ಜಗುಲಿಯ ಮೇಲೆ ಕುಳಿತು ಹೇಳಿ ರಾಜಿ ಮಾಡಿಸಿದ್ದಾರೆ. ಊಟವನ್ನೂ ನಿದ್ರೆಯನ್ನೂ ತಡೆಹಿಡಿಯುವುದೇ ಜಗಳದ ಆಯುಧವಾದಲ್ಲಿ ಆ ಗಾದೆಗೆ ಅರ್ಥವೇನು ಉಳಿಯಿತು? 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ಹೊಡೆತವನ್ನು ಮಾತ್ರ ಹಿಂಸೆಯೆಂದು ಎಣಿಸಲಿಲ್ಲ; ಅವಮಾನವನ್ನೂ, ಮನೆಯ ಅಗತ್ಯಗಳನ್ನು ತಡೆಹಿಡಿಯುವುದನ್ನೂ ಅದರಲ್ಲಿ ಸೇರಿಸಿತು. ಪೆಟ್ರೂಷಿಯೋ ಇಂದು ಧಾರವಾಡದ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕಾಗುತ್ತಿತ್ತು.

ಆಗಿನ ಕಾಲವೇ ಹಾಗಿತ್ತು, ಇಂದಿನ ಕಣ್ಣಿನಿಂದ ಅಳೆಯಬಾರದು ಎಂಬ ಸಮಾಧಾನವನ್ನು ನಾನು ಅರ್ಧದಷ್ಟೂ ಒಪ್ಪಲಾರೆ. ಶೇಕ್ಸ್‌ಪಿಯರನು ಬದುಕಿರುವಾಗಲೇ ಜಾನ್ ಫ್ಲೆಚರನು ಇದಕ್ಕೆ ಉತ್ತರಭಾಗವೊಂದನ್ನು ಬರೆದು, ಪೆಟ್ರೂಷಿಯೋವಿನ ಎರಡನೆಯ ಹೆಂಡತಿಯು ಅವನನ್ನೇ ಪಳಗಿಸುವಂತೆ ಮಾಡಿದ. 1897ರಲ್ಲಿ ಬರ್ನಾರ್ಡ್ ಷಾ ಈ ನಾಟಕದ ಕೊನೆಯ ದೃಶ್ಯವು ಸಭ್ಯ ಗಂಡಸಿಗೆ ಹೆಂಗಸರ ಪಕ್ಕದಲ್ಲಿ ಕುಳಿತು ನೋಡಲು ನಾಚಿಕೆಯಾಗುವಂಥದ್ದೆಂದು ಬರೆದ. ಈ ಮುಜುಗರವು ಕಥೆಯಷ್ಟೇ ಹಳೆಯದು.

ಆ ಕಾಲದ ಸಭೆಯು ಏನು ಬೋಧಿಸುತ್ತಿತ್ತೆಂಬುದು ನಮಗೆ ಹೆಚ್ಚು ಮುಖ್ಯ. 1563ರ ಇಂಗ್ಲಿಷ್ ಪ್ರಸಂಗಸಂಗ್ರಹದಲ್ಲಿ ವಿವಾಹದ ಸ್ಥಿತಿಯನ್ನು ಕುರಿತ ಪ್ರಸಂಗವೊಂದಿದೆ. ದೇವಾಲಯಗಳಲ್ಲಿ ಓದಬೇಕೆಂದೇ ಸಿದ್ಧಪಡಿಸಿದ್ದು. ಅದು ಹೆಂಡತಿಗೆ ವಿಧೇಯತೆಯನ್ನು ಬೋಧಿಸುತ್ತದೆ. ಅದೇ ಉಸಿರಿನಲ್ಲಿ, ಕ್ರಿಸೊಸ್ತೊಮನ ಆಧಾರದಿಂದ, ಗಂಡನು ಹೆಂಡತಿಯ ಮೇಲೆ ಕೈಯೆತ್ತುವುದನ್ನು ಕಟುವಾಗಿ ಖಂಡಿಸುತ್ತದೆ. ನಾಲ್ಕನೆಯ ಶತಮಾನದ ಆ ಪಿತೃವು ಒಂದನೆಯ ಕೊರಿಂಥ ಪತ್ರಿಕೆಯ ಮೇಲಿನ ತನ್ನ ಪ್ರಸಂಗಗಳಲ್ಲಿ ಹೆಂಡತಿಯನ್ನು ಹೊಡೆಯುವವನನ್ನು ಮನುಷ್ಯರ ಸಾಲಿನಲ್ಲಿಯೇ ನಿಲ್ಲಿಸುವುದಿಲ್ಲ. ಪೆಟ್ರೂಷಿಯೋವಿನ ಜಾಣತನವು ಇಲ್ಲಿಯೇ ಇದೆ: ಪ್ರಸಂಗವು ನಿಷೇಧಿಸಿದ್ದನ್ನು ಅವನು ಮಾಡುವುದಿಲ್ಲ, ಪ್ರಸಂಗವು ಬಯಸಿದ ಫಲವನ್ನು ಮಾತ್ರ ಪಡೆದುಕೊಳ್ಳುತ್ತಾನೆ. ಹೊಡೆಯಬೇಡ, ಆದರೆ ಆಕೆ ಬಾಗಿರಬೇಕು ಎಂದಷ್ಟೇ ಹೇಳಿ ನಿಲ್ಲಿಸುವ ಬೋಧಕನು ನಡುವಿನ ದಾರಿಯನ್ನು ಕೇಳುಗನ ಕಲ್ಪನೆಗೆ ಬಿಟ್ಟುಕೊಡುತ್ತಾನೆ. ನಮ್ಮಲ್ಲಿ ವಿವಾಹದ ದಿನ ಕೊಡುವ ಎಷ್ಟೋ ಪ್ರಸಂಗಗಳು ಇಂದಿಗೂ ಅಲ್ಲಿಗೇ ನಿಲ್ಲುತ್ತವೆ.

ಗರ್ವದ ವಿಷಯಕ್ಕೆ ಬರೋಣ. ಗರ್ವವೇ ಪಾಪಗಳ ಮೂಲವೆಂಬುದು ಅಗಸ್ಟೀನನಿಂದ ರೈನ್‌ಹೋಲ್ಡ್ ನೀಬೂರರ ತನಕ ನಮ್ಮ ಪಠ್ಯಗಳ ಬೋಧನೆ. 1960ರಲ್ಲಿ ವ್ಯಾಲೆರಿ ಸೇವಿಂಗ್ ಎಂಬ ಅಮೆರಿಕದ ವಿದುಷಿ ಒಂದು ಚಿಕ್ಕ ಲೇಖನದಲ್ಲಿ ಇದನ್ನು ಪ್ರಶ್ನಿಸಿದರು: ತನ್ನನ್ನು ದೊಡ್ಡದು ಮಾಡಿಕೊಳ್ಳುವುದು ಅಧಿಕಾರದಲ್ಲಿರುವ ಗಂಡಸಿನ ಶೋಧನೆ, ಇತರರಿಗಾಗಿ ತನ್ನತನವನ್ನೇ ಕಳೆದುಕೊಳ್ಳುವಂತೆ ಬೆಳೆಸಲ್ಪಟ್ಟ ಹೆಣ್ಣಿಗೆ ದೀನತೆಯ ಬೋಧನೆಯು ಔಷಧವಾಗುವುದಿಲ್ಲ, ರೋಗವನ್ನೇ ಹೆಚ್ಚಿಸುತ್ತದೆ ಎಂಬುದು ಅವರ ವಾದದ ತಿರುಳು. ಈ ವಾದವು ಎಲ್ಲ ಹೆಂಗಸರಿಗೂ ಸಮನಾಗಿ ಅನ್ವಯಿಸದು. ಚಿತ್ರದ ನಾಯಕಿಯು ಸಿರಿವಂತೆ. ಆಕೆಯ ಸೊಕ್ಕಿಗೆ ಆಳುಕಾಳುಗಳು ಗುರಿಯಾಗುತ್ತಾರೆ. ಆ ಸೊಕ್ಕು ಪಾಪವೇ. ಬಡ ಪ್ರೇಕ್ಷಕನು ಅವಳ ಇಳಿತವನ್ನು ಕಂಡು ನಗುವುದರಲ್ಲಿ ಒಂದು ನ್ಯಾಯದ ಅಂಶವೂ ಇದೆ. ಆದರೆ ಸಿರಿಯ ಸೊಕ್ಕನ್ನು ಇಳಿಸುವ ನೆಪದಲ್ಲಿ ಚಿತ್ರವು ಹೆಣ್ಣಿನ ಮಾತನ್ನು ಇಳಿಸುತ್ತದೆ, ಸಿರಿಯನ್ನು ಮುಟ್ಟುವುದಿಲ್ಲ. ಮರಿಯಳ ಸ್ತೋತ್ರಗೀತೆಯನ್ನು (ಲೂಕ 1:46–55) ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಗರ್ವಭಂಗವಿದೆ, ಸಂತೋಷವಿದೆ. ಆದರೆ ಇಳಿಯುವವರು ಸಿಂಹಾಸನದಲ್ಲಿ ಕುಳಿತವರು, ಹಾಡುವವಳು ಹಳ್ಳಿಯ ಹುಡುಗಿ.

ಎಫೆಸದ ಪತ್ರಿಕೆಯನ್ನು ಕುರಿತು ಇಲ್ಲಿ ಹೆಚ್ಚು ಬರೆಯುವ ಅಗತ್ಯವಿಲ್ಲ. ಅತಿ ಹಳೆಯ ಹಸ್ತಪ್ರತಿಗಳಾದ ಪಿ46 ಮತ್ತು ವ್ಯಾಟಿಕನಸ್ ಪ್ರತಿಗಳಲ್ಲಿ 5:22ಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, ಅದು 21ನೆಯ ವಚನದ ಪರಸ್ಪರ ಅಧೀನತೆಯಿಂದ ಎರವಲು ಪಡೆದಿದೆ ಎಂಬುದನ್ನು ಗ್ರೀಕ್ ಕಲಿತ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಗಂಡನನ್ನು ಕ್ರಿಸ್ತನಿಗೆ ಹೋಲಿಸಿದ ಆ ಪತ್ರಿಕೆಯು ಅವನಿಂದ ಅಪೇಕ್ಷಿಸುವುದು ತನ್ನನ್ನು ಒಪ್ಪಿಸಿಕೊಡುವುದನ್ನು. ‘ನಂಜುಂಡಿ ಕಲ್ಯಾಣ’ದ ನಾಯಕನು ಕೊನೆಗೆ ಏನನ್ನು ಒಪ್ಪಿಸಿಕೊಟ್ಟನೆಂದು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ.

ನಿಜವಾಗಿ ನನ್ನನ್ನು ಕಾಡುವುದು ಹೋಶೇಯನ ಗ್ರಂಥದ ಎರಡನೆಯ ಅಧ್ಯಾಯ. ಅಲ್ಲಿ ಗಂಡನ ಸ್ಥಾನದಲ್ಲಿ ಮಾತನಾಡುವ ದೇವರು ಹೆಂಡತಿಯ ದಾರಿಗೆ ಮುಳ್ಳುಬೇಲಿ ಹಾಕುವೆನೆನ್ನುತ್ತಾನೆ (2:6). ಕೊಟ್ಟ ಧಾನ್ಯವನ್ನೂ ದ್ರಾಕ್ಷಾರಸವನ್ನೂ, ಉಣ್ಣೆಯನ್ನೂ ನಾರುಮಡಿಯನ್ನೂ ಹಿಂದಕ್ಕೆ ತೆಗೆದುಕೊಳ್ಳುವೆನೆನ್ನುತ್ತಾನೆ (2:9). ಆಕೆಯ ಮಾನವನ್ನು ಪರರ ಮುಂದೆ ಬಯಲಿಗೆಳೆಯುವೆನೆನ್ನುತ್ತಾನೆ (2:10). ಊಟ, ಉಡುಪು, ಓಡಾಟ, ಮಾನ. ಪೆಟ್ರೂಷಿಯೋವಿನ ಪಟ್ಟಿಯು ಇದಕ್ಕಿಂತ ಚಿಕ್ಕದು. ಅವನ ಮೇಲೆ ನಾವು ಎತ್ತಿದ ಆಕ್ಷೇಪಣೆಯನ್ನು ಇಲ್ಲಿಗೆ ಬಂದಾಗ ನುಂಗಿಕೊಳ್ಳುವುದು ಪ್ರಾಮಾಣಿಕತೆಯಾಗದು. ರೆನಿಟಾ ವೀಮ್ಸ್ 1995ರ ತಮ್ಮ ‘ಬ್ಯಾಟರ್ಡ್ ಲವ್’ ಗ್ರಂಥದಲ್ಲಿ ಪ್ರವಾದಿಗಳ ಈ ರೂಪಕವನ್ನು ಪರಿಶೀಲಿಸಿ, ಹಿಂಸೆಯನ್ನೂ ಪ್ರೀತಿಯನ್ನೂ ಒಂದೇ ನೂಲಿನಲ್ಲಿ ನೇಯುವ ಅಪಾಯವನ್ನು ತೋರಿಸಿದ್ದಾರೆ. ಪ್ರಾಚೀನ ಇಸ್ರಾಯೇಲಿನ ಗಂಡಸು ಕೇಳುಗರನ್ನು ವ್ಯಭಿಚಾರಿಣಿಯ ಸ್ಥಾನದಲ್ಲಿ ನಿಲ್ಲಿಸಿ ನಾಚಿಸುವುದು ಪ್ರವಾದಿಯ ತಂತ್ರವಾಗಿತ್ತೆಂದು ನಾವು ತರಗತಿಯಲ್ಲಿ ವಿವರಿಸುತ್ತೇವೆ, ಅದು ಸರಿಯೇ. ಆದರೆ ಆ ವಿವರಣೆಯು ಕಲಘಟಗಿಯ ಪೀಠದ ಕೆಳಗೆ ಚಾಪೆಯ ಮೇಲೆ ಕುಳಿತ ಹೆಣ್ಣುಮಗಳನ್ನು ತಲುಪುವುದಿಲ್ಲ. ಆಕೆಗೆ ಕೇಳುವುದು ಗಂಡ, ಹಸಿವು, ಶಿಕ್ಷೆ, ಆಮೇಲೆ ಸಿಹಿಮಾತು. ಈ ಅನುಕ್ರಮವನ್ನು ಮನೆಯಲ್ಲಿ ಕಂಡವರು ನಮ್ಮ ಸಭೆಗಳಲ್ಲಿ ಇದ್ದಾರೆ.

ಆದರೂ ಪಠ್ಯದ ನಡಿಗೆಯಲ್ಲಿ ಒಂದು ತಿರುವಿದೆ. ‘ಆದುದರಿಂದ’ ಎಂಬ ಅರ್ಥದ ಹೀಬ್ರೂ ಪದ ‘ಲಾಖೇನ್’ ಮೂರು ಬಾರಿ ಬರುತ್ತದೆ: 6, 9 ಮತ್ತು 14ನೆಯ ವಚನಗಳಲ್ಲಿ. ಮೊದಲಿನ ಎರಡರ ಹಿಂದೆ ಪಳಗಿಸುವ ಗಂಡನ ಬೆದರಿಕೆಗಳು ಬರುತ್ತವೆ. ಮೂರನೆಯದರ ಹಿಂದೆ ಇನ್ನೂ ಘೋರವಾದುದನ್ನು ನಿರೀಕ್ಷಿಸಿದ ಕಿವಿಗೆ ಅರಣ್ಯದಲ್ಲಿ ಹೃದಯಕ್ಕೆ ಹಿತವಾಗುವಂತೆ ಮಾತನಾಡುವ ದನಿ ಕೇಳುತ್ತದೆ. ಪಳಗಿಸುವ ಕಥೆಯು ಇಲ್ಲಿ ಗೆಲ್ಲುವುದಿಲ್ಲ, ಮುರಿದು ಬೀಳುತ್ತದೆ. ಮುಂದೆ 16ನೆಯ ವಚನದಲ್ಲಿ ಹೆಂಡತಿಯು ಗಂಡನನ್ನು ಕರೆಯುವ ಪದವೇ ಬದಲಾಗುತ್ತದೆ. ಒಡೆಯ ಎಂಬ ಅರ್ಥದ ‘ಬಾಳೀ’ ಹೋಗಿ ನನ್ನ ಪುರುಷ ಎಂಬ ಅರ್ಥದ ‘ಈಶೀ’ ಬರುತ್ತದೆ. ಬಾಳನ ಆರಾಧನೆಯ ಹೆಸರನ್ನು ಅಳಿಸುವುದು ಪ್ರವಾದಿಯ ಮೊದಲ ಉದ್ದೇಶವಾದರೂ ಪದದ ಮನೆಯರ್ಥವು ಅಲ್ಲಿ ಉಳಿದೇ ಇದೆ. ಕನ್ನಡದ ‘ಗಂಡ’ ಎಂಬ ಪದಕ್ಕೂ ಇಂತಹ ಹಳೆಯ ನೆರಳಿದೆ. ಶಾಸನಗಳಲ್ಲಿ ಬರುವ ‘ಮೂರುರಾಯರ ಗಂಡ’ ಎಂಬ ಬಿರುದಿನಲ್ಲಿ ಗಂಡನೆಂದರೆ ಅರಸರನ್ನು ಮಣಿಸಿದ ಒಡೆಯ. ‘ಬಹದ್ದೂರ್ ಗಂಡ’ ಎಂಬ ಶೀರ್ಷಿಕೆಯ ಚಮತ್ಕಾರವೂ ಆ ನೆರಳಿನಲ್ಲಿಯೇ ನಿಂತಿದೆ. ಬೆಂಗಳೂರು ಮೈಸೂರಿನ ಕಡೆ ಹೆಂಗಸರು ‘ನಮ್ಮ ಯಜಮಾನರು’ ಎನ್ನುತ್ತಾರೆ. ಅದು ಶುದ್ಧ ‘ಬಾಳೀ’. ನಮ್ಮ ಧಾರವಾಡದ ಹೆಂಗಸರು ‘ನಮ್ಮ ಮನಿಯವರು’ ಎನ್ನುತ್ತಾರೆ. ಹೋಶೇಯನ ಎರಡನೆಯ ಪದಕ್ಕೆ ಇದು ಸಾಕಷ್ಟು ಒಳ್ಳೆಯ ಅನುವಾದವೆಂದು ನನ್ನ ಅಭಿಪ್ರಾಯ.

ಈ ತಿರುವು ವೀಮ್ಸ್ ಅವರ ಪ್ರಶ್ನೆಯನ್ನು ಪೂರ್ತಿಯಾಗಿ ಪರಿಹರಿಸಿತೆಂದು ನಾನು ಹೇಳುವುದಿಲ್ಲ. ಶಿಕ್ಷೆಯ ಮಾತುಗಳು ಪುಟದಲ್ಲಿ ಇನ್ನೂ ಇವೆ. ಆದರೆ ಅದೇ ಗ್ರಂಥದ 11:9ರಲ್ಲಿ ತಾನು ಕೋಪವನ್ನು ತೀರಿಸಿಕೊಳ್ಳದಿರುವುದಕ್ಕೆ ದೇವರು ಕೊಡುವ ಕಾರಣವು ತಾನು ದೇವರೇ ಹೊರತು ‘ಈಷ್’ ಅಲ್ಲವೆಂಬುದು. ‘ಈಷ್’ ಎಂದರೆ ಮನುಷ್ಯ; ಗಂಡಸು ಎಂಬ ಅರ್ಥವೂ ಆ ಪದಕ್ಕಿದೆ. ಎರಡನೆಯ ಅಧ್ಯಾಯವನ್ನು ಹಿಡಿದು ಮನೆಯಲ್ಲಿ ದೇವರ ಪಾತ್ರವನ್ನು ವಹಿಸಲು ಹೊರಡುವ ಗಂಡನಿಗೆ ಹನ್ನೊಂದನೆಯ ಅಧ್ಯಾಯವು ಬಾಗಿಲು ಮುಚ್ಚುತ್ತದೆ. ಹೋಶೇಯನನ್ನು ಬೋಧಿಸುವವರು ಈ ಎರಡನ್ನೂ ಒಂದೇ ಭಾನುವಾರ ಓದಿಸಬೇಕೆಂದು ನನ್ನ ಕೋರಿಕೆ.

ನಮ್ಮ ಕಲಘಟಗಿಯ ತೊಟ್ಟಿಲುಗಳನ್ನು ಈ ಭಾಗದಲ್ಲಿ ಎಲ್ಲರೂ ಬಲ್ಲರು. ಅರಗಿನ ಬಣ್ಣ ಹಚ್ಚಿ, ಪುರಾಣದ ಚಿತ್ರಗಳನ್ನು ಬರೆದ ಈ ಮರದ ತೊಟ್ಟಿಲುಗಳನ್ನು ತವರಿನವರು ಮಗಳ ಹೆರಿಗೆಗೆಂದು ಕೊಡುವುದು ರೂಢಿ. ಒಂದು ತೊಟ್ಟಿಲಿನಲ್ಲಿ ತಲೆಮಾರುಗಳೇ ಮಲಗಿ ಎದ್ದಿರುತ್ತವೆ. ಕೊಟ್ಟ ಹೆಣ್ಣಿನ ಹಿಂದೆ ತವರು ಇನ್ನೂ ನಿಂತಿದೆಯೆಂದು ಅತ್ತೆಯ ಮನೆಯ ನಡುಮನೆಯಲ್ಲಿ ಅದು ತೂಗಾಡುತ್ತಾ ಸಾರುತ್ತದೆ. ಪಳಗಿಸುವ ಕಥೆಗಳೆಲ್ಲವೂ ಮೊದಲು ಕತ್ತರಿಸುವುದು ಈ ಹಗ್ಗವನ್ನೇ. ಕ್ಯಾಥರೀನಳನ್ನು ಮದುವೆಯೂಟಕ್ಕೂ ನಿಲ್ಲಗೊಡದೆ ತಂದೆಯ ಮನೆಯಿಂದ ಎಳೆದೊಯ್ಯುತ್ತಾರೆ. ಸಭಾಪಾಲಕರ ಬಳಿಗೆ ದೂರು ಬಂದಾಗ ಹೆಣ್ಣನ್ನು ‘ಹೊಂದಿಕೊಂಡು ಹೋಗವ್ವಾ’ ಎಂದು ತಿರುಗಿ ಕಳುಹಿಸುವುದೂ ಆ ಹಗ್ಗಕ್ಕೆ ಬೀಳುವ ಇನ್ನೊಂದು ಕತ್ತರಿ.

ನಗೆಯನ್ನೇ ಬಿಟ್ಟುಬಿಡಬೇಕೇ ಎಂದು ಕೇಳಿದರೆ, ಸತ್ಯವೇದವು ಹಾಗೆ ಮಾಡಿಲ್ಲ. ಎಸ್ತೇರಳ ಗ್ರಂಥದ ಮೊದಲನೆಯ ಅಧ್ಯಾಯವು ಇದೇ ವಿಷಯದ ಮೇಲಿನ ಪ್ರಹಸನ. 127 ಸಂಸ್ಥಾನಗಳನ್ನಾಳುವ ಅಹಷ್ವೇರೋಷನು 180 ದಿನ ವೈಭವ ತೋರಿಸಿ, ಮೇಲೆ ಏಳು ದಿನ ಕುಡಿದು, ರಾಣಿ ವಷ್ಟಿಯನ್ನು ಜನರ ಮುಂದೆ ಪ್ರದರ್ಶಿಸಲು ಕರೆಕಳುಹಿಸುತ್ತಾನೆ. ಆಕೆ ಬರುವುದಿಲ್ಲ. ಅಷ್ಟಕ್ಕೇ ಮಂತ್ರಿಗಳು ನಡುಗಿ, ದೇಶದ ಹೆಂಡತಿಯರೆಲ್ಲರೂ ಗಂಡಂದಿರನ್ನು ಅಲಕ್ಷಿಸುವರೆಂದು ಹೆದರಿ, ಪ್ರತಿಯೊಬ್ಬ ಗಂಡಸೂ ತನ್ನ ಮನೆಯಲ್ಲಿ ಒಡೆತನ ನಡೆಸಬೇಕೆಂದು ಎಲ್ಲ ಭಾಷೆಗಳಲ್ಲಿಯೂ ಫರ್ಮಾನು ಹೊರಡಿಸುತ್ತಾರೆ. ಕಾಗದದ ಮೇಲೆ ಮೊಹರು ಹಾಕಿ ಕಳುಹಿಸಬೇಕಾದ ಒಡೆತನವನ್ನು ಕಂಡು ಬರಹಗಾರನು ಮುಸಿನಗುತ್ತಿರುವುದು ಸ್ಪಷ್ಟ. ಇಲ್ಲಿ ನಗೆಗೆ ಗುರಿಯಾದವರು ಗಂಡಸರು. ವಷ್ಟಿಯ ಕಿರೀಟ ಹೋಯಿತು. ಆದರೆ ಆಕೆ ಬಾಗಿದಳೆಂದು ಗ್ರಂಥವು ಎಲ್ಲಿಯೂ ಹೇಳುವುದಿಲ್ಲ.

ವಿವಾಹಪೂರ್ವ ತರಗತಿಯಲ್ಲಿ ನಾನು ಈಚೆಗೆ ಈ ಚಿತ್ರವನ್ನು ಮಧ್ಯಂತರದವರೆಗೆ ತೋರಿಸಿ ನಿಲ್ಲಿಸುತ್ತೇನೆ. ಮುಂದಿನ ಕಥೆಯನ್ನು ನೀವೇ ಹೇಳಿರೆಂದು ವಧೂವರರನ್ನು ಕೇಳುತ್ತೇನೆ. ಹುಡುಗರು ಒಂದು ರೀತಿ ಹೇಳುತ್ತಾರೆ, ಹುಡುಗಿಯರು ಮೊದಲು ಸುಮ್ಮನಿರುತ್ತಾರೆ. ಅನಂತರ ಮಾರ್ಕ 7:24–30ನ್ನು ಓದುತ್ತೇವೆ. ತೂರ್ ಸೀಮೆಯ ಗ್ರೀಕ್ ಹೆಂಗಸೊಬ್ಬಳು ಕಾಲಿಗೆ ಬಿದ್ದು ಬೇಡುತ್ತಾಳೆ. ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲವೆಂಬ ಗಡುಸಾದ ಉತ್ತರ ಬರುತ್ತದೆ. ಆಕೆ ಅದೇ ಮಾತನ್ನು ಹಿಡಿದು, ಮೇಜಿನ ಕೆಳಗೆ ಬೀಳುವ ತುಣುಕುಗಳ ಲೆಕ್ಕ ಹೇಳಿ ತಿರುಗಿ ಕೊಡುತ್ತಾಳೆ. ನಮ್ಮ ಪ್ರಹಸನಗಳಲ್ಲಿ ಹೀಗೆ ಎದುರುತ್ತರ ಕೊಟ್ಟವಳನ್ನು ಪಳಗಿಸುವ ಕಥೆ ಇಲ್ಲಿಂದಲೇ ಶುರುವಾಗುತ್ತಿತ್ತು. ಮತ್ತಾಯನು (15:28) ಯೇಸುಸ್ವಾಮಿಯು ಆಕೆಯ ನಂಬಿಕೆಯನ್ನು ಮೆಚ್ಚಿದನೆಂದು ಬರೆಯುತ್ತಾನೆ. ಮಾರ್ಕನು ನಂಬಿಕೆಯ ಹೆಸರೆತ್ತುವುದಿಲ್ಲ. ಆಕೆ ಆಡಿದ ಆ ಮಾತಿಗಾಗಿಯೇ ದೆವ್ವವು ಮಗಳನ್ನು ಬಿಟ್ಟುಹೋಯಿತೆಂದು ಬರೆಯುತ್ತಾನೆ. ತರಗತಿಯಲ್ಲಿ ನಾನು ಮಾರ್ಕನ ಪಾಠವನ್ನೇ ಇಟ್ಟುಕೊಂಡಿದ್ದೇನೆ.